ವ್ಯವಹಾರದ ತಂತ್ರಾಂಶವೂ ಸ್ಕ್ರಿಪ್ಟಿಂಗ್ ಭಾಷೆಯೂ: ಹಳೆಯ ವಿದ್ಯಾರ್ಥಿಗಳಿಗೊಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ, ನಾನು ಪಾಠವೊಂದನ್ನೇ ಬರೆಯುತ್ತೇನೆ ಎಂದು ಹೇಳಿದೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಕನ್ನಡದಲ್ಲಿಯೇ ಗಣಿತ ವ್ಯಾಕರಣಗಳನ್ನು ಕಲಿಸಿದವನು ನಾನು. ಎಪ್ಪತ್ತು ದಾಟಿದ ಮೇಲೆ ಗಣಕಯಂತ್ರದ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ನಮ್ಮಲ್ಲಿ ಓದಿದ ಮಕ್ಕಳು ಇಂದು ತೇನಿ, ಬೋಡಿ, ಕಂಬಂ, ದಿಂಡುಗಲ್‌ಗಳಲ್ಲಿ ಅಂಗಡಿ, ತೋಟ, ಮಗ್ಗ, ಸಾರಿಗೆಗಳನ್ನು ನಡೆಸುತ್ತಿದ್ದಾರೆ. ಇನ್ನು ಕೆಲವರು ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುತ್ತಿದ್ದಾರೆ. ಮೊದಲನೆಯವರಿಗೆ ಎರಡನೆಯವರ ಕೆಲಸ ತಿಳಿಯದು. ಎರಡನೆಯವರಿಗೆ ಮೊದಲನೆಯವರ ಲೆಕ್ಕ ತಿಳಿಯದು. ಇವರಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸುವುದು ಈ ಪಾಠದ ಉದ್ದೇಶ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಹಲವು ಸಂಜೆಗಳ ಕಾಲ ತಾಳ್ಮೆಯಿಂದ ತೋರಿಸಿಕೊಟ್ಟುದರ ಸಾರವನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆದಿದ್ದೇನೆ.

1. ಚೌಕಟ್ಟು ಎಂದರೇನು?

ವ್ಯಾಪಾರ ಯಾವುದೇ ಇರಲಿ, ಅದರಲ್ಲಿ ಕೆಲವು ಸಂಗತಿಗಳು ಎಲ್ಲೆಡೆಯೂ ಒಂದೇ: ಗಿರಾಕಿ, ಸರಕು, ದಾಸ್ತಾನು, ಬಿಲ್ಲು, ಜಮಾ, ಖರ್ಚು. ಇವುಗಳನ್ನು ಪ್ರತಿಯೊಬ್ಬ ವ್ಯಾಪಾರಿಗಾಗಿಯೂ ಮೊದಲಿನಿಂದ ಬರೆಯುವುದು ವ್ಯರ್ಥ ಶ್ರಮ. ಆದುದರಿಂದ ಎಲ್ಲರಿಗೂ ಬೇಕಾದ ಭಾಗವನ್ನು ಒಮ್ಮೆ ಗಟ್ಟಿಯಾಗಿ ಕಟ್ಟಿಟ್ಟು, ಅವರವರ ವಿಶೇಷವನ್ನು ಅವರವರು ಸೇರಿಸಿಕೊಳ್ಳಲು ಅವಕಾಶ ಕೊಡುತ್ತಾರೆ. ಹೀಗೆ ಕಟ್ಟಿಟ್ಟ ಭಾಗಕ್ಕೆ ಫ್ರೇಮ್‌ವರ್ಕ್, ಅಂದರೆ ಚೌಕಟ್ಟು ಎಂದು ಹೆಸರು.

ಕನ್ನಡ ವ್ಯಾಕರಣ ಓದಿದವರಿಗೆ ಇದು ಹೊಸತಲ್ಲ. ‘ಮನೆ’ ಎಂಬ ಪ್ರಕೃತಿಗೆ ‘ಅನ್ನು’, ‘ಇಂದ’, ‘ಅಲ್ಲಿ’ ಎಂಬ ಪ್ರತ್ಯಯಗಳು ಹತ್ತಿ ಮನೆಯನ್ನು, ಮನೆಯಿಂದ, ಮನೆಯಲ್ಲಿ ಎಂದಾಗುತ್ತದೆ. ಪ್ರಕೃತಿ ಬದಲಾಗಲಿಲ್ಲ, ಅರ್ಥ ಮಾತ್ರ ಸಂದರ್ಭಕ್ಕೆ ತಕ್ಕಂತೆ ಒದಗಿತು. ಚೌಕಟ್ಟು ಪ್ರಕೃತಿಯಿದ್ದಂತೆ, ನಾವು ಸೇರಿಸುವ ಸ್ಕ್ರಿಪ್ಟು ಪ್ರತ್ಯಯವಿದ್ದಂತೆ.

ನಮ್ಮ ದೇಶದಲ್ಲಿಯೇ ಹುಟ್ಟಿದ ಇಂಥ ಒಂದು ಚೌಕಟ್ಟು ‘ಫ್ರಾಪೆ’. ಅದರ ಮೇಲೆ ಕಟ್ಟಿದ ವ್ಯವಹಾರದ ತಂತ್ರಾಂಶ ‘ಇಆರ್‌ಪಿನೆಕ್ಸ್ಟ್’. ಮುಂಬಯಿಯ ರುಷಭ್ ಮೆಹ್ತಾ ಅವರು ತಮ್ಮ ಮನೆತನದ ಪೀಠೋಪಕರಣಗಳ ಉದ್ಯಮಕ್ಕೆ ಸರಿಯಾದ ಲೆಕ್ಕದ ವ್ಯವಸ್ಥೆ ಬೇಕೆಂದು ತೊಡಗಿದ ಕೆಲಸ ಇದಾಯಿತು. 2008ರಲ್ಲಿ ಅವರು ಇದಕ್ಕಾಗಿ ಸಂಸ್ಥೆಯೊಂದನ್ನು ಆರಂಭಿಸಿದರು. ಮರದ ಕೆಲಸದವರ ಮನೆಯಿಂದ ಹೊರಟು ಇಂದು ಹಲವು ದೇಶಗಳ ವ್ಯಾಪಾರಿಗಳು ಬಳಸುವ ಮಟ್ಟಕ್ಕೆ ಇದು ಬೆಳೆದಿದೆ ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು.

2. ಬೀಗವೂ ಬೀಗದ ಕೈಯೂ

ದಿಂಡುಗಲ್ಲಿನ ಬೀಗ ನಮ್ಮ ಸೀಮೆಯ ಹೆಮ್ಮೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಬೀಗ ಕೊಂಡವನಿಗೆ ಕೈಯನ್ನೂ ಕೊಡುವುದು ಧರ್ಮ. ಕೈಯನ್ನು ಅಂಗಡಿಯವನೇ ಇಟ್ಟುಕೊಂಡು, ‘ಬೇಕಾದಾಗ ಬಂದು ಕೇಳಿ, ತೆಗೆದುಕೊಡುತ್ತೇನೆ’ ಎಂದರೆ ಯಾರೂ ಆ ಬೀಗವನ್ನು ಕೊಳ್ಳುವುದಿಲ್ಲ. ಆದರೆ ಲೆಕ್ಕದ ತಂತ್ರಾಂಶದಲ್ಲಿ ನಾವು ಬಹುಕಾಲ ಇಂಥ ವ್ಯಾಪಾರವನ್ನು ಒಪ್ಪಿಕೊಂಡು ಬಂದಿದ್ದೇವೆ.

ನಿವೃತ್ತಿಯ ನಂತರ ಕಣಿವೆಯ ಒಂದು ಸಣ್ಣ ಸಂಘದ ಲೆಕ್ಕಪತ್ರಗಳನ್ನು ನಾನು ಕೆಲವು ವರ್ಷ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಒಬ್ಬ ಮಾರಾಟಗಾರರಿಂದ ಕೊಂಡ ಲೆಕ್ಕದ ತಂತ್ರಾಂಶವಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಬಿಲ್ಲಿನ ನಮೂನೆಯೇ ಬದಲಾಗಬೇಕಾಯಿತು. ಮಾರಿದವರು ಅಷ್ಟರಲ್ಲಿ ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು. ತಂತ್ರಾಂಶದ ಒಳಗನ್ನು ತೆರೆದು ತಿದ್ದುವ ಹಕ್ಕೂ ನಮಗಿರಲಿಲ್ಲ, ದಾರಿಯೂ ಇರಲಿಲ್ಲ. ಕಡೆಗೆ ಸದಸ್ಯರ ಹಳೆಯ ಬಾಕಿಗಳನ್ನು ಪರದೆಯಿಂದ ನೋಡಿ ಕಾಗದಕ್ಕೆ ಇಳಿಸುವುದಕ್ಕೆ ಇಬ್ಬರು ಗುಮಾಸ್ತರು ಎರಡು ತಿಂಗಳು ಕುಳಿತರು. ಬಡ ಸದಸ್ಯರ ಹಣದ ಲೆಕ್ಕ ಅದು. ಒಂದು ಅಂಕಿ ತಪ್ಪಿದರೆ ಒಂದು ಮನೆಯ ಜಗಳ.

ಮುಕ್ತ ತಂತ್ರಾಂಶದಲ್ಲಿ ಬೀಗದ ಕೈ ಕೊಂಡವನ ಬಳಿ ಇರುತ್ತದೆ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು. ಫ್ರಾಪೆ ಚೌಕಟ್ಟು ಎಂಐಟಿ ಪರವಾನಗಿಯಲ್ಲಿಯೂ, ಇಆರ್‌ಪಿನೆಕ್ಸ್ಟ್ ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿಯೂ ದೊರೆಯುತ್ತವೆ. ಮೊದಲನೆಯದು ‘ಹೇಗಾದರೂ ಬಳಸಿ, ಕರ್ತೃವಿನ ಹೆಸರನ್ನು ಅಳಿಸಬೇಡಿ’ ಎನ್ನುತ್ತದೆ. ಎರಡನೆಯದು ‘ನೀವು ತಿದ್ದಿ ಇತರರಿಗೆ ಹಂಚಿದರೆ, ನಿಮಗೆ ಸಿಕ್ಕ ಸ್ವಾತಂತ್ರ್ಯವನ್ನು ಅವರಿಗೂ ಕೊಡಿ’ ಎನ್ನುತ್ತದೆ. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಷೇರು ವ್ಯವಹಾರದ ಸಂಸ್ಥೆ ಝೆರೋಧಾ ಇದನ್ನು ತನ್ನ ಒಳಗಿನ ಕೆಲಸಗಳಿಗೆ ಬಳಸಿಕೊಂಡಿದೆ. ಮುಕ್ತ ತಂತ್ರಾಂಶವನ್ನು ಬೆಳೆಸುವುದಕ್ಕಾಗಿ 2020ರಲ್ಲಿ ರೂಪುಗೊಂಡ ‘ಫಾಸ್ ಯುನೈಟೆಡ್’ ಸಂಸ್ಥೆಯ ಸಮ್ಮೇಳನಗಳು ಬೆಂಗಳೂರಿನಲ್ಲಿಯೂ ನಡೆದಿವೆ.

3. ಸ್ಕ್ರಿಪ್ಟು ಎಂದರೇನು?

‘ಸ್ಕ್ರಿಪ್ಟ್’ ಎಂದೊಡನೆ ನಮಗೆ ಲಿಪಿ ನೆನಪಾಗುತ್ತದೆ. ಇಲ್ಲಿ ಅದರ ಅರ್ಥ ಲಿಪಿಯಲ್ಲ, ರಂಗಪ್ರತಿ. ನಾಟಕದ ಪ್ರತಿಯಲ್ಲಿ ಯಾರು ಯಾವಾಗ ಬರಬೇಕು, ಏನು ಹೇಳಬೇಕು ಎಂದು ಬರೆದಿರುವಂತೆ, ಗಣಕವು ಯಾವ ಸಂದರ್ಭದಲ್ಲಿ ಏನು ಮಾಡಬೇಕೆಂದು ಬರೆದಿಟ್ಟ ಚಿಕ್ಕ ಆಜ್ಞಾಮಾಲೆಯೇ ಸ್ಕ್ರಿಪ್ಟು.

ಗಣಕಕ್ಕೆ ಆಜ್ಞೆ ಕೊಡುವ ಭಾಷೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ತಿಳಿಯಬಹುದು. ಒಂದು, ಅಚ್ಚುಮೊಳೆ ಜೋಡಿಸಿ ಪುಸ್ತಕ ಮುದ್ರಿಸುವಂಥದು. ಎಲ್ಲವನ್ನೂ ಜೋಡಿಸಿ, ಅಚ್ಚು ಹಾಕಿ, ಹೊಲಿದು ಮುಗಿಸಿದ ಮೇಲೆಯೇ ಓದಬಹುದು. ಒಂದು ಅಕ್ಷರ ತಿದ್ದಬೇಕಾದರೂ ಮತ್ತೆ ಅಚ್ಚಿಗೆ ಹೋಗಬೇಕು. ಇನ್ನೊಂದು, ತರಗತಿಯ ಕರಿಹಲಗೆಯಂಥದು. ಬರೆದೊಡನೆ ಓದಬಹುದು, ತಪ್ಪಿದ್ದರೆ ಒರೆಸಿ ಮತ್ತೆ ಬರೆಯಬಹುದು. ಸ್ಕ್ರಿಪ್ಟಿಂಗ್ ಭಾಷೆಗಳು ಈ ಎರಡನೆಯ ಬಗೆಗೆ ಸೇರಿದವು. ಮುದ್ರಿತ ಪುಸ್ತಕ ವೇಗವಾಗಿ ಸಾವಿರ ಜನರಿಗೆ ತಲಪುತ್ತದೆ. ಕರಿಹಲಗೆ ಇಂದಿನ ಪಾಠಕ್ಕೆ ಒದಗುತ್ತದೆ. ಎರಡೂ ಬೇಕು.

ಫ್ರಾಪೆಯಲ್ಲಿ ಇಂಥ ಎರಡು ಭಾಷೆಗಳಿವೆ. ಒಂದು ಪೈಥಾನ್, ಡಚ್ ದೇಶದ ಗೀಡೊ ವಾನ್ ರಾಸಮ್ ಅವರು ರೂಪಿಸಿ 1991ರಲ್ಲಿ ಹೊರತಂದ ಭಾಷೆ. ಇನ್ನೊಂದು ಜಾವಾಸ್ಕ್ರಿಪ್ಟ್, 1995ರಲ್ಲಿ ಬ್ರೆಂಡನ್ ಐಕ್ ಅವರು ಅಂತರಜಾಲದ ಪುಟಗಳಿಗೆಂದು ರಚಿಸಿದ ಭಾಷೆ.

4. ಏಲಕ್ಕಿಯ ಒಂದು ಲೆಕ್ಕ

ಉದಾಹರಣೆಯಿಲ್ಲದ ಪಾಠ ಉಪ್ಪಿಲ್ಲದ ಊಟ. ಸಾಂಬಾರ ಮಂಡಳಿಯ ಏಲಕ್ಕಿ ಇ-ಹರಾಜು ನಡೆಯುವ ಬೋಡಿನಾಯಕನೂರಿನ ವ್ಯಾಪಾರಿಯೊಬ್ಬರನ್ನು ಊಹಿಸಿಕೊಳ್ಳಿ. ಅವರು ಚೀಲದ ಸಹಿತ 50 ಕಿಲೋ ತೂಗಿದ ಏಲಕ್ಕಿಯನ್ನು ಮಾರುತ್ತಿದ್ದಾರೆ. ಚೀಲಗಳ ತೂಕ ಒಂದೂವರೆ ಕಿಲೋ. ದರ ಕಿಲೋಗೆ 2,400 ರೂಪಾಯಿ ಎಂದಿಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ಇಟ್ಟ ಅಂಕಿ ಮಾತ್ರ. ತೆರಿಗೆ ಶೇಕಡಾ 5. ಇದನ್ನು ಪೈಥಾನ್ ಭಾಷೆಯಲ್ಲಿ ಹೀಗೆ ಬರೆಯಬಹುದು:

ನಿವ್ವಳ = ಒಟ್ಟು - ಚೀಲ
ಮೊತ್ತ = ನಿವ್ವಳ * ದರ
ತೆರಿಗೆ = ಮೊತ್ತ * 5 / 100
ಬಿಲ್ಲು = ಮೊತ್ತ + ತೆರಿಗೆ

ಒಟ್ಟು, ಚೀಲ, ದರ ಎಂಬ ಮೂರಕ್ಕೆ ಬೆಲೆ ಕೊಟ್ಟರೆ ಉಳಿದುದನ್ನು ಗಣಕವೇ ಮಾಡುತ್ತದೆ. ನಿವ್ವಳ 48.5 ಕಿಲೋ, ಮೊತ್ತ 1,16,400 ರೂಪಾಯಿ, ತೆರಿಗೆ 5,820, ಬಿಲ್ಲು 1,22,220. ಇದು ನಾನು ಕನ್ನಡಕ್ಕೆ ಮಾಡಿಕೊಂಡ ಅನುವಾದವೆಂದು ಭಾವಿಸಬೇಡಿ. ಈ ನಾಲ್ಕು ಸಾಲುಗಳನ್ನು ಪೈಥಾನ್ ಹೀಗೆಯೇ, ಕನ್ನಡ ಅಕ್ಷರಗಳಲ್ಲಿಯೇ ಒಪ್ಪುತ್ತದೆ. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದ, ನಾವು ಇಡುವ ಹೆಸರುಗಳು ಯಾವ ಲಿಪಿಯಲ್ಲಾದರೂ ಇರಬಹುದು. ‘೪೮’ ಎಂದು ಕನ್ನಡ ಅಂಕಿಯಲ್ಲಿ ಬಂದ ಪಠ್ಯವನ್ನು ಸಂಖ್ಯೆಯಾಗಿ ಪರಿವರ್ತಿಸು ಎಂದು ಕೇಳಿದರೆ ಅದನ್ನೂ 48 ಎಂದೇ ಓದುತ್ತದೆ. ಆದರೆ ಲೆಕ್ಕದ ಸಾಲಿನೊಳಗೆ ನೇರವಾಗಿ ಕನ್ನಡ ಅಂಕಿ ಬರೆದರೆ ಒಪ್ಪುವುದಿಲ್ಲ. ‘ಆದರೆ’, ‘ಇಲ್ಲದಿದ್ದರೆ’ ಎಂಬಂಥ ಭಾಷೆಯ ಸ್ವಂತ ಪದಗಳೂ ಇಂಗ್ಲಿಷಿನವೇ. ಅವು ಮೂವತ್ತೈದರಷ್ಟಿವೆ, ಕನ್ನಡದ ವರ್ಣಮಾಲೆ ಕಲಿತ ಮಗುವಿಗೆ ಅದು ಹೆಚ್ಚಲ್ಲ.

ಈ ನಾಲ್ಕು ಸಾಲುಗಳ ಬೆಲೆ ತಿಳಿಯುವುದು ಕಾನೂನು ಬದಲಾದಾಗ. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ಶೇಕಡಾ 12 ಮತ್ತು 28ರ ಹಂತಗಳನ್ನು ಕೈಬಿಟ್ಟು, ಬಹುತೇಕ ಸರಕುಗಳನ್ನು 5 ಮತ್ತು 18ರ ಹಂತಗಳಿಗೆ ತಂದರು. ಬೀಗದ ಕೈ ತಮ್ಮಲ್ಲಿದ್ದವರು ಒಂದು ಅಂಕಿ ತಿದ್ದಿ ಮರುದಿನ ಅಂಗಡಿ ತೆರೆಯಬಹುದು. ಕೈ ಇಲ್ಲದವರು ಮಾರಾಟಗಾರರ ಬಾಗಿಲಲ್ಲಿ ಸರದಿ ನಿಲ್ಲಬೇಕು.

5. ಸ್ಕ್ರಿಪ್ಟು ಓಡುವ ಎರಡು ಸ್ಥಳಗಳು

ಫ್ರಾಪೆಯಲ್ಲಿ ಗಿರಾಕಿ, ಬಿಲ್ಲು, ಸರಕು ಮುಂತಾದ ಪ್ರತಿಯೊಂದು ನಮೂನೆಗೂ ‘ಡಾಕ್‌ಟೈಪ್’ ಎಂದು ಹೆಸರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕಾಲಂಗಳಿಗೆ ಗೆರೆ ಹಾಕಿದಂತೆ, ಯಾವ ಯಾವ ವಿವರ ಬೇಕೆಂದು ಪರದೆಯ ಮೇಲೆಯೇ ಗೆರೆ ಹಾಕಿದರೆ ಸಾಕು. ತುಂಬುವ ನಮೂನೆಯನ್ನೂ, ಅದನ್ನು ಕೂಡಿಡುವ ದತ್ತಾಂಶದ ಪಟ್ಟಿಯನ್ನೂ ಚೌಕಟ್ಟೇ ನಿರ್ಮಿಸಿಕೊಳ್ಳುತ್ತದೆ. ಆ ಬಳಿಕ ಎರಡು ಕಡೆ ಸ್ಕ್ರಿಪ್ಟು ಬರೆಯಬಹುದು.

ಮೊದಲನೆಯದು ‘ಕ್ಲೈಂಟ್ ಸ್ಕ್ರಿಪ್ಟ್’. ಇದು ಜಾವಾಸ್ಕ್ರಿಪ್ಟಿನಲ್ಲಿರುತ್ತದೆ, ಗುಮಾಸ್ತನ ಪರದೆಯಲ್ಲಿಯೇ ಓಡುತ್ತದೆ. ಚೀಲದ ತೂಕವನ್ನು ತುಂಬಿದೊಡನೆ ನಿವ್ವಳ ತೂಕ ಪಕ್ಕದಲ್ಲಿ ಮೂಡುವುದು ಇದರ ಕೆಲಸ. ಎರಡನೆಯದು ‘ಸರ್ವರ್ ಸ್ಕ್ರಿಪ್ಟ್’. ಇದು ಪೈಥಾನಿನಲ್ಲಿರುತ್ತದೆ, ಲೆಕ್ಕಗಳೆಲ್ಲ ಕೂಡಿರುವ ಮುಖ್ಯ ಗಣಕದಲ್ಲಿ ಓಡುತ್ತದೆ. ಬಿಲ್ಲನ್ನು ಉಳಿಸುವ ಮುನ್ನ ತೂಕ ಸೊನ್ನೆಗಿಂತ ಹೆಚ್ಚಿದೆಯೇ ಎಂದು ನೋಡಿ, ಇಲ್ಲದಿದ್ದರೆ ತಡೆಯುವುದು ಇದರ ಕೆಲಸ. ದಿನಕ್ಕೊಮ್ಮೆ ತಾನಾಗಿಯೇ ಓಡಿ ಬಾಕಿದಾರರ ಪಟ್ಟಿ ತಯಾರಿಸುವಂತೆಯೂ ಇದಕ್ಕೆ ಹೇಳಿಡಬಹುದು.

ಇವೆರಡರ ಭೇದವನ್ನು ಚೆನ್ನಾಗಿ ನೆನಪಿಡಬೇಕು. ಪರದೆಯ ಮೇಲಿನ ಸ್ಕ್ರಿಪ್ಟು ತರಗತಿಯ ಬಾಗಿಲಲ್ಲಿ ನಿಂತ ಮಾನಿಟರನಂತೆ. ಸೌಕರ್ಯಕ್ಕೆ ಒಳ್ಳೆಯದು, ಆದರೆ ತಿಳಿದವನು ಅವನ ಕಣ್ಣು ತಪ್ಪಿಸಬಲ್ಲ. ಮುಖ್ಯ ಗಣಕದ ಸ್ಕ್ರಿಪ್ಟು ಪರೀಕ್ಷಾ ಮೇಲ್ವಿಚಾರಕನಂತೆ. ಹಣದ ವಿಷಯದಲ್ಲಿ ಕಡೆಯ ತಪಾಸಣೆ ಯಾವಾಗಲೂ ಎರಡನೆಯವನಿಂದಲೇ ಆಗಬೇಕು.

6. ಮೂಲವನ್ನು ಕೆಡಿಸದೆ ಸೇರಿಸುವ ವಿಧಾನ

ಮೂಲಪಾಠ ಕೈಯಲ್ಲಿದೆಯೆಂದು ಅದನ್ನೇ ಗೀಚಿ ತಿದ್ದುವುದು ಬುದ್ಧಿವಂತಿಕೆಯಲ್ಲ. ಮುಂದಿನ ಆವೃತ್ತಿ ಬಂದಾಗ ನಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ, ಅಥವಾ ಹೊಸ ಆವೃತ್ತಿಯನ್ನು ಹಾಕಿಕೊಳ್ಳಲು ಆಗುವುದೇ ಇಲ್ಲ. ಇದಕ್ಕೆ ಫ್ರಾಪೆಯಲ್ಲಿ ‘ಹುಕ್’, ಎಂದರೆ ಕೊಂಡಿಗಳ ಏರ್ಪಾಡಿದೆ. ‘ಬಿಲ್ಲು ಉಳಿಯುವಾಗ ನನ್ನ ಈ ವಿಧಿಯನ್ನೂ ಓಡಿಸು’ ಎಂದು ನಮ್ಮ ಸ್ವಂತ ಕಡತದಲ್ಲಿ ಬರೆದಿಟ್ಟರೆ, ಚೌಕಟ್ಟು ಅದನ್ನು ನೋಡಿ ಆ ಸಮಯಕ್ಕೆ ಕರೆಯುತ್ತದೆ. ಮೂಲದ ಒಂದಕ್ಷರವೂ ಬದಲಾಗುವುದಿಲ್ಲ. ಗ್ರಂಥಾಲಯದ ಪುಸ್ತಕದಲ್ಲಿ ಗೀಚದೆ, ನಮ್ಮ ಟಿಪ್ಪಣಿಯನ್ನು ಬೇರೆ ಹಾಳೆಯಲ್ಲಿ ಬರೆದು ಪುಟಸಂಖ್ಯೆ ಹಾಕಿಟ್ಟಂತೆ.

7. ಕುಶಲಕರ್ಮಿಯ ಉಪಕರಣಗಳು

ನೇಕಾರನಿಗೆ ಮಗ್ಗ, ಲಾಳಿಗಳಿರುವಂತೆ ತಂತ್ರಾಂಶ ಬರೆಯುವವನಿಗೂ ಉಪಕರಣಗಳು ಬೇಕು. ಫ್ರಾಪೆಯ ಮುಖ್ಯ ಉಪಕರಣದ ಹೆಸರು ‘ಬೆಂಚ್’. ನಮಗೆ ಬೆಂಚು ಎಂದರೆ ತರಗತಿಯದು. ಇದು ಬಡಗಿಯ ಕೆಲಸದ ಮೇಜು. ಇದಕ್ಕೆ ಒಂದೊಂದೇ ಪದದ ಆಜ್ಞೆಗಳನ್ನು ಕೊಡಬೇಕು. ‘ನ್ಯೂ-ಸೈಟ್’ ಎಂದರೆ ಹೊಸ ಲೆಕ್ಕದ ಮನೆಯೊಂದು ಸಿದ್ಧವಾಗುತ್ತದೆ. ‘ನ್ಯೂ-ಆ್ಯಪ್’ ಎಂದರೆ ನಮ್ಮ ಸ್ವಂತ ಸೇರ್ಪಡೆಗೆ ಖಾಲಿ ಚೀಲ ಸಿಗುತ್ತದೆ. ‘ಮೈಗ್ರೇಟ್’ ಎಂದರೆ ಹೊಸ ನಮೂನೆಗೆ ಹಳೆಯ ದತ್ತಾಂಶವನ್ನು ಹೊಂದಿಸುತ್ತದೆ. ‘ಬ್ಯಾಕಪ್’ ಎಂದರೆ ಲೆಕ್ಕದ ನಕಲನ್ನು ತೆಗೆದಿಡುತ್ತದೆ. ‘ಕನ್ಸೋಲ್’ ಎಂದರೆ ಒಂದೊಂದು ಸಾಲನ್ನು ಬರೆದು ಉತ್ತರ ನೋಡಬಹುದಾದ ಕರಿಹಲಗೆ ತೆರೆಯುತ್ತದೆ. ‘ರನ್-ಟೆಸ್ಟ್ಸ್’ ಎಂದರೆ ಮೊದಲೇ ಬರೆದಿಟ್ಟ ಪ್ರಶ್ನೆಪತ್ರಿಕೆಯಿಂದ ತಂತ್ರಾಂಶಕ್ಕೇ ಪರೀಕ್ಷೆ ನಡೆಯುತ್ತದೆ.

ಇದಲ್ಲದೆ ‘ಡೆವಲಪರ್ ಮೋಡ್’ ಎಂಬ ಸ್ಥಿತಿಯಿದೆ. ಅದರಲ್ಲಿ, ನಮ್ಮ ಸೇರ್ಪಡೆಗೆ ಸೇರಿದ ನಮೂನೆಯನ್ನು ಪರದೆಯ ಮೇಲೆ ತಿದ್ದಿದರೆ ಅದು ಕಡತವಾಗಿಯೂ ಉಳಿಯುತ್ತದೆ. ಆ ಕಡತವನ್ನು ಇನ್ನೊಬ್ಬರಿಗೆ ಕಳುಹಿಸಬಹುದು, ನಿನ್ನೆಯದಕ್ಕೂ ಇಂದಿನದಕ್ಕೂ ಏನು ವ್ಯತ್ಯಾಸವೆಂದು ಹೋಲಿಸಬಹುದು. ‘ರೆಕಾರ್ಡರ್’ ಎಂಬ ಉಪಕರಣವು ಒಂದು ಪುಟ ನಿಧಾನವಾಗಿ ತೆರೆಯುತ್ತಿದ್ದರೆ, ಒಳಗೆ ದತ್ತಾಂಶದ ಯಾವ ಪ್ರಶ್ನೆಗಳು ಎಷ್ಟು ಹೊತ್ತು ತೆಗೆದುಕೊಂಡವೆಂದು ಬರೆದು ತೋರಿಸುತ್ತದೆ. ಉಪಕರಣವಿಲ್ಲದ ಭಾಷೆ ಲಾಳಿಯಿಲ್ಲದ ಮಗ್ಗ.

8. ಹೊರದೇಶದ ನಿದರ್ಶನ: ಶಕ್ತಿಯೂ ಅಪಾಯವೂ

ಇದೇ ದಾರಿಯಲ್ಲಿ ಮೊದಲೇ ನಡೆದ ಇನ್ನೊಂದು ಚೌಕಟ್ಟು ‘ಒಎಫ್‌ಬಿಜ್’. ಅಮೆರಿಕದಲ್ಲಿ 2001ರಲ್ಲಿ ಡೇವಿಡ್ ಜೋನ್ಸ್ ಮತ್ತು ಆಂಡ್ರ್ಯೂ ಝೆನೆಸ್ಕಿ ಎಂಬವರು ಇದನ್ನು ತೊಡಗಿದರು. 2006ರಲ್ಲಿ ಇದು ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂದಿತು. ಇದರ ತಳಹದಿ ಜಾವಾ. ಅದು ಅಚ್ಚುಮೊಳೆಯ ಬಗೆಯ ಭಾಷೆ. ವ್ಯವಹಾರದ ವಿಧಿಗಳನ್ನು ಸುಲಭವಾಗಿ ಬರೆಯಲೆಂದು ಅವರು ‘ಮಿನಿಲ್ಯಾಂಗ್’ ಎಂಬ ಸ್ವಂತ ಚಿಕ್ಕ ಭಾಷೆಯೊಂದನ್ನು ಎಕ್ಸ್‌ಎಮ್‌ಎಲ್ ರೂಪದಲ್ಲಿ ಮಾಡಿಕೊಂಡಿದ್ದರು. ಸ್ವಂತ ಭಾಷೆಯ ಕಷ್ಟವೆಂದರೆ ಅದನ್ನು ಹೊರಗಿನವರಾರೂ ಕಲಿತಿರುವುದಿಲ್ಲ, ಅದಕ್ಕೆ ಹೊರಗಿನ ಉಪಕರಣಗಳೂ ಒದಗುವುದಿಲ್ಲ. ಆದುದರಿಂದ ಕ್ರಮೇಣ ಆ ವಿಧಿಗಳನ್ನು ‘ಗ್ರೂವಿ’ ಎಂಬ, ಜಾವಾದೊಡನೆ ಹೊಂದಿಕೊಂಡು ಓಡುವ ಸ್ಕ್ರಿಪ್ಟಿಂಗ್ ಭಾಷೆಗೆ ಬರೆದುಕೊಳ್ಳುತ್ತಾ ಬಂದರು. ತಂತ್ರಾಂಶವನ್ನು ಕಟ್ಟುವ ಉಪಕರಣವನ್ನೂ 2016ರಲ್ಲಿ ‘ಆ್ಯಂಟ್’ನಿಂದ ‘ಗ್ರೇಡಲ್’ಗೆ ಬದಲಿಸಿದರು. ಹತ್ತು ಮಂದಿಗೆ ತಿಳಿದ ಭಾಷೆಯನ್ನು ಆರಿಸಿಕೊಂಡರೆ ಹತ್ತು ಮಂದಿಯ ಸಹಾಯ ದೊರೆಯುತ್ತದೆ ಎಂಬುದು ಇದರ ನೀತಿ.

ಇದಕ್ಕೆ ಇನ್ನೊಂದು ಮುಖವಿದೆ. ಒಎಫ್‌ಬಿಜ್‌ನ ಆಡಳಿತದ ಪುಟಗಳಲ್ಲಿ ಗ್ರೂವಿ ಸಾಲುಗಳನ್ನು ನೇರವಾಗಿ ಬರೆದು ಓಡಿಸುವ ಒಂದು ಸೌಕರ್ಯವಿದೆ. 2023ರ ಡಿಸೆಂಬರಿನಲ್ಲಿ, ಗುಪ್ತಪದವಿಲ್ಲದೆಯೇ ಒಳಗೆ ನುಗ್ಗಬಹುದಾದ ದೋಷವೊಂದು ಬಯಲಾಯಿತು. ನುಗ್ಗಿದವರು ಇದೇ ಸೌಕರ್ಯದಿಂದ ಆ ಗಣಕದಲ್ಲಿ ತಮಗೆ ಬೇಕಾದುದನ್ನು ಓಡಿಸಬಹುದಾಗಿತ್ತು. 2024ರ ಆಗಸ್ಟಿನಲ್ಲಿ ಅಂಥದೇ ಮತ್ತೊಂದು ದೋಷ ಕಂಡುಬಂದಿತು. ಎರಡಕ್ಕೂ ತಿದ್ದುಪಡಿಗಳು ಹೊರಬಂದವು. ಹೊಸ ಆವೃತ್ತಿಯನ್ನು ಹಾಕಿಕೊಳ್ಳದೆ ಉದಾಸೀನ ಮಾಡಿದವರಿಗೆ ಮಾತ್ರ ಅಪಾಯ ಉಳಿಯಿತು.

ಫ್ರಾಪೆಯವರು ಈ ಅಪಾಯಕ್ಕೆ ಎರಡು ಬೇಲಿ ಹಾಕಿದ್ದಾರೆ. ಸರ್ವರ್ ಸ್ಕ್ರಿಪ್ಟಿನಲ್ಲಿ ಪೂರ್ಣ ಪೈಥಾನ್ ಇಲ್ಲ. ಕತ್ತರಿಸಿ ಮಿತಗೊಳಿಸಿದ ಪೈಥಾನ್ ಇದೆ. ಗಣಕದ ಇತರ ಕಡತಗಳನ್ನು ತೆರೆಯುವುದು, ಹೊರಗಿನ ಘಟಕಗಳನ್ನು ಎಳೆದು ತರುವುದು ಅದರಲ್ಲಿ ನಿಷಿದ್ಧ. ಎರಡನೆಯದಾಗಿ, 2023ರಲ್ಲಿ ಬಂದ ಹದಿನೈದನೆಯ ಆವೃತ್ತಿಯಿಂದ ಈ ಸೌಲಭ್ಯವು ಮೊದಲಿಗೆ ಮುಚ್ಚಿಯೇ ಇರುತ್ತದೆ. ಮುಖ್ಯ ಗಣಕದ ಒಡೆಯನು ತಿಳಿದು ತೆರೆದರೆ ಮಾತ್ರ ತೆರೆಯುತ್ತದೆ. ಬೀಗದ ಕೈ ನಮ್ಮಲ್ಲಿದೆ ಎಂದರೆ ಅದನ್ನು ಬಾಗಿಲಲ್ಲೇ ನೇತುಹಾಕಬೇಕೆಂದಲ್ಲ.

9. ಕನ್ನಡದ ಪಾಲು

ಕಣಿವೆಯ ನಮ್ಮ ಮನೆಗಳಲ್ಲಿ ಅಡಿಗೆಮನೆಯ ಮಾತು ಕನ್ನಡ, ಅಂಗಡಿಯ ಮಾತು ತಮಿಳು, ಬಿಲ್ಲಿನ ಮಾತು ಇಂಗ್ಲಿಷ್. ಮೂರನೆಯದು ಬಾರದ ಹಿರಿಯರು ತಮ್ಮ ಲೆಕ್ಕವನ್ನು ತಾವೇ ಓದಲಾರದೆ ಮತ್ತೊಬ್ಬರ ಕೈಕಾಯುತ್ತಾರೆ. ಮುಕ್ತ ಚೌಕಟ್ಟಿನಲ್ಲಿ ಇದಕ್ಕೆ ಉಪಾಯವಿದೆ. ಫ್ರಾಪೆಯಲ್ಲಿ ಪರದೆಯ ಮೇಲೆ ಕಾಣುವ ಮಾತುಗಳನ್ನು ಗುರುತು ಹಾಕಿ ಬೇರೆ ಪಟ್ಟಿಯಲ್ಲಿ ಇಡುತ್ತಾರೆ. ಆ ಪಟ್ಟಿಯ ಎದುರಿಗೆ ಕನ್ನಡ ತುಂಬಿದರೆ ಪರದೆ ಕನ್ನಡವಾಗುತ್ತದೆ. ಆದರೆ ಈ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ‘ಲೀಡ್’ ಎಂಬುದನ್ನು ಅದು ಸೀಸವೆಂದೂ ತಿಳಿದೀತು. ವ್ಯಾಪಾರಿಗೆ ಅದು ಮುಂದೆ ಗಿರಾಕಿಯಾಗಬಹುದಾದವನ ಹೆಸರು. ಅಂಗಡಿಯ ಕನ್ನಡ ಬಲ್ಲವರೂ ತಂತ್ರಾಂಶ ಬಲ್ಲವರೂ ಒಟ್ಟಿಗೆ ಕುಳಿತರೆ ಮಾತ್ರ ಸರಿಯಾದ ಪದ ಹುಟ್ಟುತ್ತದೆ. ಆ ಎರಡು ಬಗೆಯವರೂ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿಯೇ ಇದ್ದಾರೆ.

ಐವತ್ತು ವರ್ಷಗಳ ಹಿಂದೆ ಈ ಶಾಲೆಯನ್ನು ಕಟ್ಟಿದ ಹಿರಿಯರು, ತಮ್ಮ ಮಕ್ಕಳು ತಮ್ಮ ಕಾಗದಪತ್ರಗಳನ್ನು ತಾವೇ ಓದಿಕೊಳ್ಳಲಿ ಎಂದು ಆಶಿಸಿದರು. ಇಂದು ಕಾಗದಪತ್ರಗಳು ಪರದೆಗೆ ಹೋಗಿವೆ. ಹಾರೈಕೆ ಹಳೆಯದೇ, ಅದಕ್ಕೆ ಬೇಕಾದ ಅಕ್ಷರಾಭ್ಯಾಸ ಮಾತ್ರ ಹೊಸದು.

ಅಭ್ಯಾಸ

1. ಮೇಲಿನ ಏಲಕ್ಕಿಯ ಲೆಕ್ಕದಲ್ಲಿ ಒಟ್ಟು ತೂಕ 30 ಕಿಲೋ, ಚೀಲ 1 ಕಿಲೋ, ದರ 2,000 ಆದರೆ ಬಿಲ್ಲು ಎಷ್ಟು? (ಉತ್ತರ: 60,900 ರೂಪಾಯಿ.)

2. ಸಾಲದ ಮಿತಿ ಮೀರಿದ ಗಿರಾಕಿಗೆ ಬಿಲ್ಲು ಹಾಕದಂತೆ ತಡೆಯುವ ವಿಧಿಯನ್ನು ಕ್ಲೈಂಟ್ ಸ್ಕ್ರಿಪ್ಟಿನಲ್ಲಿ ಬರೆದರೆ ಸಾಕೇ? ಕಾರಣ ಸಹಿತ ವಿವರಿಸಿ.

3. ನೀವು ಈಗ ಬಳಸುತ್ತಿರುವ ಲೆಕ್ಕದ ತಂತ್ರಾಂಶವನ್ನು ಮಾರಿದವರು ನಾಳೆ ಇಲ್ಲವಾದರೆ, ನಿಮ್ಮ ಲೆಕ್ಕವನ್ನು ಹೊರತೆಗೆಯುವ ದಾರಿ ಯಾವುದು? ಈ ವಾರದಲ್ಲಿಯೇ ಪರೀಕ್ಷಿಸಿ ನೋಡಿ.

4. ನಿಮ್ಮ ಕಸುಬಿನ ಇಪ್ಪತ್ತು ಪದಗಳನ್ನು ಮನೆಯ ಹಿರಿಯರಿಂದ ಕೇಳಿ, ಅವರು ಆಡುವಂತೆಯೇ ಬರೆದು ಶಾಲೆಗೆ ಕಳುಹಿಸಿ. ತಂತ್ರಾಂಶ ಬಲ್ಲ ಹಳೆಯ ವಿದ್ಯಾರ್ಥಿಗಳು ಅವುಗಳನ್ನು ಪಟ್ಟಿಗೆ ಸೇರಿಸಲಿ. ಈ ಪ್ರಶ್ನೆಗೆ ಅಂಕಗಳಿಲ್ಲ. ಆದರೆ ಇದನ್ನು ಯಾರೂ ಬಿಡಬಾರದು.